ಜಿಮ್ಮಿಗೆ ರಜೆ

ಆಫೀಸಿಗೆ ರಜೆ ಹಾಕಿ ಹಾಯಾಗಿ ಹೊದ್ದು ಮಲಗುವವರೂ ಜಿಮ್ಮಿಗೆ ರಜೆ ಹಾಕಿದ ದಿನ ಚಡಪಡಿಸುತ್ತಾರೆ. ಮಧ್ಯಾಹ್ನ ಇನ್ನೊಂದು ಒಬ್ಬಟ್ಟು ಬಡಿಸಲು ಹೋದರೆ ಎಲೆಗೆ ಕೈ ಅಡ್ಡ: ‘ಬೇಡ, ಇವತ್ತು ವರ್ಕೌಟ್ ಆಗಿಲ್ಲ.’ ರಾತ್ರಿ ಹತ್ತೂವರೆಗೆ ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಹಾಲಿಗೆ ಶತಪಥ. ಫೋನಿನ ಲೆಕ್ಕಕ್ಕೆ ದಿನದ ಹತ್ತು ಸಾವಿರದಲ್ಲಿ ಇನ್ನೂ 1,200 ಹೆಜ್ಜೆ ಬಾಕಿ. ಈ ಹತ್ತು ಸಾವಿರ ಹೆಜ್ಜೆ ಯಾವ ವೈದ್ಯರೂ ಬರೆದುಕೊಟ್ಟ ಚೀಟಿಯಲ್ಲ, 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲಿದ್ದ ಸಂಖ್ಯೆ. ಅದಕ್ಕೆ ಇಷ್ಟೊಂದು ಭಯಭಕ್ತಿ!

ಭಾರ ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ, ದಣಿಯುತ್ತದೆ. ಹೊಸ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುವುದು ಆಮೇಲಿನ 24ರಿಂದ 48 ಗಂಟೆಗಳಲ್ಲಿ. ಖಾಲಿಯಾದ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟ ಸಕ್ಕರೆಯ ದಾಸ್ತಾನು, ತುಂಬಿಕೊಳ್ಳಲು, ಚೆನ್ನಾಗಿ ಉಂಡರೂ, ಸುಮಾರು ಒಂದು ದಿನ ಬೇಕು. ಹಾಗಾಗಿ ರಜೆಯ ದಿನ ಮುದ್ದೆಯನ್ನು ಅರ್ಧ ಮಾಡುವುದು, ಮೊಟ್ಟೆ ಬಿಡುವುದು ತಲೆಕೆಳಗಾದ ಲೆಕ್ಕ. ಕೂಲಿಯವರು ಕೆಲಸಕ್ಕೆ ಬಂದ ದಿನವೇ ಸಿಮೆಂಟು ನಿಲ್ಲಿಸಿದ ಹಾಗೆ.

ರಜೆ ಬೇಕೋ ಬೇಡವೋ ಎನ್ನಲು ನೋವನ್ನು ಅಳತೆಗೋಲು ಮಾಡಿಕೊಳ್ಳುವವರಿದ್ದಾರೆ. ಹೊಸದಾಗಿ ಸ್ಕ್ವಾಟ್ (ಬಸ್ಕಿ) ಹೊಡೆದವರಿಗೆ ಮರುದಿನಕ್ಕಿಂತ ಅದರ ಮರುದಿನವೇ ತೊಡೆ ಹೆಚ್ಚು ಹಿಡಿಯುತ್ತದೆ. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತವರು ಗೋಡೆ ಹಿಡಿದು ಏಳಬೇಕು. ಆದರೆ ಅಭ್ಯಾಸವಾದ ಮೇಲೆ ಆ ನೋವು ಬರುವುದೇ ಅಪರೂಪ, ದಣಿವು ಮಾತ್ರ ಸದ್ದಿಲ್ಲದೆ ಸೇರಿಕೊಳ್ಳುತ್ತಿರುತ್ತದೆ. ಅದನ್ನು ಹಿಡಿಯಲು ನಾಡಿ ವಾಸಿ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟಿಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ವಾರ ಕಾಲ ಬರೆದಿಟ್ಟರೆ ನಿಮ್ಮ ಮಾಮೂಲು ತಿಳಿಯುತ್ತದೆ. 62 ಇರುವವರಿಗೆ ಸತತ ಮೂರು ದಿನ 70 ಬಂದು, ಜೊತೆಗೆ ನಿದ್ದೆ ಕೆಟ್ಟು, ಹೋದ ವಾರ ಹತ್ತು ಸಲ ಎತ್ತಿದ ಭಾರ ಈಗ ಏಳಕ್ಕೇ ಕೈಕೊಟ್ಟರೆ, ಜ್ವರ ಗಿರ ಇಲ್ಲವೆಂದು ನೋಡಿಕೊಂಡು ಎರಡು ದಿನ ಬಿಟ್ಟುಬಿಡಿ.

‘ಬಿಟ್ಟರೆ ಎಲ್ಲ ಕರಗಿಹೋಗುತ್ತೆ’ ಎಂಬ ಭಯ ಬೇರೆ. ಎರಡು ವಾರ ಬಿಟ್ಟರೂ ಕಸುವು ಹೆಚ್ಚೇನೂ ಇಳಿಯುವುದಿಲ್ಲ. ಓಟಗಾರರ ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ, ಆದರೂ ಒಂದು ಭಾನುವಾರಕ್ಕೆ ಏನೂ ಆಗದು. (ಮೂರು ತಿಂಗಳ ಫೀಸು ಕಟ್ಟಿ ಮೂರು ದಿನ ಹೋದವರ ವಿಶ್ರಾಂತಿಯ ಮಾತು ಇಲ್ಲಿ ಬೇಡ.)

ಅಳುಕು ಹುಟ್ಟುವುದು ರಜೆಯಿಂದಲ್ಲ, ಬೆಳಿಗ್ಗೆ ಅಲಾರಂ ಆರಿಸುತ್ತಾ ನಿರ್ಧರಿಸುವ ರಜೆಯಿಂದ. ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ಯೋಗದ ಶಿಸ್ತು ಸಾಮಾನ್ಯದ್ದಲ್ಲ. ಅಲ್ಲೂ ರೂಢಿಯಂತೆ ಶನಿವಾರ ಅಭ್ಯಾಸವಿಲ್ಲ, ಅಮಾವಾಸ್ಯೆ ಹುಣ್ಣಿಮೆಗೂ ಇಲ್ಲ. ಕ್ಯಾಲೆಂಡರಿನಲ್ಲೇ ಇರುವುದರಿಂದ ಯಾರೂ ತಮ್ಮ ಮನಸ್ಸಿನ ಅಪ್ಪಣೆ ಕೇಳಬೇಕಿಲ್ಲ. ಜಿಮ್ಮಿನವರೂ ಸೋಮ, ಬುಧ, ಶುಕ್ರ ಎಂದು ಮೊದಲೇ ಬರೆದುಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಸ್ನಾಯು ಬಲಕ್ಕೆ ಕೇಳುವುದು ವಾರಕ್ಕೆ ಕನಿಷ್ಠ ಎರಡೇ ದಿನ.

ಸುಮ್ಮನೆ ಕೂರಲು ಆಗದವರು ಇಪ್ಪತ್ತು–ಮೂವತ್ತು ನಿಮಿಷ ನಡೆದು ಬರಲಿ, ಪಕ್ಕದವರ ಜೊತೆ ಏದುಸಿರಿಲ್ಲದೆ ಹರಟುವಷ್ಟು ನಿಧಾನವಾಗಿ. ಮುಂದೆ ಹೋಗುತ್ತಿರುವವರನ್ನು ಹಿಂದೆ ಹಾಕುವ ಆಸೆ ಹುಟ್ಟಿದ ಕೂಡಲೇ ಮನೆ ಕಡೆ ತಿರುಗುವುದು ಒಳ್ಳೆಯದು.