ನಲವತ್ತು ಸಾವಿರ ಫೋಟೋ, ಒಂದು ಮಳೆಗಾಲ

ಶಿರಸಿ ಸೀಮೆಯಲ್ಲಿ ಜೂನ್ ಹತ್ತಿರ ಬಂತೆಂದರೆ ಕೆಲಸದ ಪಟ್ಟಿಯೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ಸೌದೆ ಒಳಗೆ ಸೇರಿಸಬೇಕು, ಅಪ್ಪೆಮಿಡಿ ಭರಣಿಯ ಬಾಯಿ ಕಟ್ಟಬೇಕು, ಅಡಿಕೆಗೆ ಕೊಳೆ ಔಷಧಿ ಹೊಡೆಯಬೇಕು. ಈಚೆಗೆ ಇದರ ಬಾಲಕ್ಕೆ ಇನ್ನೊಂದು ಬಾಬತ್ತು ಅಂಟಿಕೊಂಡಿದೆ: ‘ಈ ಮಳೆಗಾಲದಲ್ಲಾದರೂ ಫೋಟೋಗಳನ್ನೆಲ್ಲ ಒಂದು ಹದಕ್ಕೆ ತರಬೇಕು.’ ಔಷಧಿ ತಪ್ಪಿದರೆ ಕಾಯಿ ಉದುರಿಸಿ ತೋಟ ತಿಳಿಸುತ್ತದೆ. ಫೋಟೋಗಳು ಏನೂ ಹೇಳುವುದಿಲ್ಲ, ಸುಮ್ಮನೆ ಹೆಚ್ಚುತ್ತವೆ.

ಹಳೇ ಡಿಜಿಟಲ್ ಕ್ಯಾಮೆರಾದ್ದು, ಮೂರು ತಲೆಮಾರಿನ ಮೊಬೈಲಿನದು, ಮದುವೆ ಫೋಟೋಗ್ರಾಫರ್ ಕೊಟ್ಟ ಪೆನ್‌ಡ್ರೈವಿನದು, ಭಾವನ ಲ್ಯಾಪ್‌ಟಾಪಿನಿಂದ ‘ಎಲ್ಲ ಇರಲಿ’ ಎಂದು ನಕಲು ಮಾಡಿಕೊಂಡಿದ್ದು. ಎಲ್ಲ ಕೂಡಿದರೆ ನಲವತ್ತು ಸಾವಿರ ದಾಟುವುದು ಈಗ ದೊಡ್ಡ ಸಂಗತಿಯಲ್ಲ. ಒಂದಕ್ಕೆ 5 ಎಂಬಿ ಹಿಡಿದರೂ 200 ಜಿಬಿ. ಆಗ ಬರುವ ಪ್ರಶ್ನೆ ಒಂದೇ: ‘ಯಾವ ಸಾಫ್ಟ್‌ವೇರ್ ಒಳ್ಳೇದು ಮಾರಾಯ?’

ಮಿಕ್ಸರ್ ಯಾವುದು ಒಳ್ಳೆಯದು ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಾರೆ. ಆದರೆ ಮಿಕ್ಸರ್ ಕೆಟ್ಟರೆ ಅದು ಹೋದ ವಾರ ಅರೆದ ಚಟ್ನಿಯನ್ನು ಜೊತೆಗೆ ಒಯ್ಯುವುದಿಲ್ಲ. ಫೋಟೋ ಸಾಫ್ಟ್‌ವೇರ್ ಒಯ್ಯಬಲ್ಲದು. ಪಿಕಾಸಾ ನೆನಪಿರಬೇಕು. 2004ರಲ್ಲಿ ಗೂಗಲ್ ಕೊಂಡುಕೊಂಡ, ಪುಕ್ಕಟೆ ಸಿಗುತ್ತಿದ್ದ, ಮನೆಮಂದಿಗೆಲ್ಲ ಹಿಡಿಸಿದ್ದ ಆ ತಂತ್ರಾಂಶ 2016ರಲ್ಲಿ ನಿಂತಿತು. ಆಪಲ್‌ನ ಅಪರ್ಚರ್ 2005ರಲ್ಲಿ ಹುಟ್ಟಿ, 2014ರಲ್ಲಿ ‘ಇನ್ನು ಮುಂದೆ ಇಲ್ಲ’ ಅನ್ನಿಸಿಕೊಂಡಿತು. ಚಿತ್ರಗಳು ಡಿಸ್ಕಿನಲ್ಲಿ ಉಳಿದವು. ‘ಇದು ದೊಡ್ಡಮ್ಮ, ಇದು ಉಂಚಳ್ಳಿ, ಇದಕ್ಕೆ ನಾಲ್ಕು ನಕ್ಷತ್ರ’ ಎಂದು ರಾತ್ರಿ ಕೂತು ಕಟ್ಟಿದ ಗುರುತು ಮಾತ್ರ ಬಹಳ ಜನರ ಕೈಬಿಟ್ಟಿತು. ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ಹೆಬ್ಬಾಗಿಲಿನ ಚಂದ ಆಮೇಲೆ ನೋಡಿದರಾಯಿತು. ಹಿತ್ತಿಲ ಬಾಗಿಲಿನಿಂದ ಸಾಮಾನು ಸಮೇತ ಹೊರಬೀಳಲು ಬರುತ್ತದೋ ಎಂದು ಮೊದಲು ಕೇಳಬೇಕು.

ಅಡಿಕೆ ಬೆಳೆಯುವವರಿಗೆ ಇದನ್ನು ತಿಳಿಸುವುದು ಸುಲಭ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂದು ಆರಿಸಿ ಚೀಲ ತುಂಬಿದ ಮೇಲೆ ಗುರುತನ್ನು ಎರಡು ಕಡೆ ಹಾಕಬಹುದು: ಚೀಲದ ಮೈಮೇಲೆ, ಇಲ್ಲವೇ ಗುಮಾಸ್ತನ ಪುಸ್ತಕದಲ್ಲಿ. ಹುಡುಕಲು ಪುಸ್ತಕ ಚುರುಕು. ಆದರೆ ಪುಸ್ತಕ ನೆನೆದುಹೋದ ದಿನ ಎಲ್ಲ ಚೀಲವೂ ಬರೀ ಚೀಲ. ಫೋಟೋ ತಂತ್ರಾಂಶದಲ್ಲಿ ಪುಸ್ತಕಕ್ಕೆ ಡೇಟಾಬೇಸ್ ಅಥವಾ ಕ್ಯಾಟಲಾಗ್ ಎನ್ನುತ್ತಾರೆ. ಚೀಲದ ಮೇಲಿನ ಬರಹಕ್ಕೆ ಮೆಟಾಡೇಟಾ ಎಂದು ಹೆಸರು. ತೆಗೆದ ದಿನ, ಲೆನ್ಸು, ಜಿಪಿಎಸ್ ಇವನ್ನು ಕ್ಯಾಮೆರಾ ತಾನೇ ಬರೆಯುತ್ತದೆ, ಅದು ಎಕ್ಸಿಫ್. ನಾವು ಸೇರಿಸುವ ಹೆಸರು, ಊರು, ನಕ್ಷತ್ರ ಹೆಚ್ಚಾಗಿ ಎಕ್ಸ್‌ಎಂಪಿ ಎಂಬ ಜಾಗಕ್ಕೆ ಹೋಗುತ್ತವೆ. 2001ರಲ್ಲಿ ಅಡೋಬಿ ಕಂಪನಿ ತಂದ ಪದ್ಧತಿ ಇದು, ಈಗ ಹೆಚ್ಚುಕಡಿಮೆ ಎಲ್ಲರೂ ಓದುತ್ತಾರೆ. ಸಾಮಾನ್ಯವಾಗಿ ಸಿಗುವ ಜೆಪೆಗ್ ಫೈಲಾದರೆ ಈ ಬರಹ ಫೈಲಿನ ಒಳಗೇ ಕೂರುತ್ತದೆ. ಚಿತ್ರದ ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ರಾ ಫೈಲಿಗಾದರೆ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಹಸಿಯಾಗಿಯೇ ಕೊಡುವ ಫೈಲಿಗಾದರೆ, ಪಕ್ಕದಲ್ಲಿ ಅದೇ ಹೆಸರಿನ ಸಣ್ಣ ಫೈಲೊಂದು ಹುಟ್ಟುತ್ತದೆ, ಅದಕ್ಕೆ ಸೈಡ್‌ಕಾರ್ ಎನ್ನುವುದು. ತಾಯಿ ಫೈಲನ್ನು ಮಾತ್ರ ನಕಲು ಮಾಡಿ ಮರಿಯನ್ನು ಬಿಟ್ಟುಬಂದರೆ ಬರೆದದ್ದೆಲ್ಲ ಅಲ್ಲೇ ಉಳಿಯಿತು ಅಂತ ಲೆಕ್ಕ.

ಪುಕ್ಕಟೆಯವುಗಳಲ್ಲಿ ಗಟ್ಟಿ ಆಳು ಡಿಜಿಕ್ಯಾಮ್. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಡಿಸ್ಕಿನಲ್ಲಿ ಫೋಲ್ಡರ್ ಹೇಗಿದೆಯೋ ಹಾಗೆಯೇ ಆಲ್ಬಮ್ಮಾಗಿ ತೋರಿಸುತ್ತದೆ. ತನ್ನದೇ ಗೂಡಿಗೆ ಎಳೆದುಕೊಂಡು ಹೋಗುವುದಿಲ್ಲ. ಹಾಕಿದ ಕೂಡಲೇ ಸೆಟ್ಟಿಂಗ್‌ನಲ್ಲಿ ಮೆಟಾಡೇಟಾ ಪುಟ ತೆರೆದು ಟ್ಯಾಗ್, ಶೀರ್ಷಿಕೆ, ರೇಟಿಂಗ್, ಮುಖದ ಹೆಸರು ಇವುಗಳ ಮುಂದೆಲ್ಲ ಟಿಕ್ ಇದೆಯೋ ನೋಡಬೇಕು. ಟಿಕ್ ಇಲ್ಲದ್ದು ಬರೀ ಪುಸ್ತಕಕ್ಕೆ ಹೋಗುತ್ತದೆ. ರಾ ಇದ್ದವರು ಸೈಡ್‌ಕಾರ್ ಬರೆಯುವ ಆಯ್ಕೆಯನ್ನೂ ಒತ್ತಬೇಕು. ಇಲ್ಲೊಂದು ಸಣ್ಣ ಜಾತಿಭೇದ ಇದೆ: ಡಿಜಿಕ್ಯಾಮ್, ರಾ ತಿದ್ದುವ ಪುಕ್ಕಟೆ ತಂತ್ರಾಂಶ ಡಾರ್ಕ್‌ಟೇಬಲ್ ಎರಡೂ ಸೈಡ್‌ಕಾರಿಗೆ ಮೂಲ ಫೈಲಿನ ಬಾಲವನ್ನೂ (ಹೆಸರಿನ ಕೊನೆಯ ಚುಕ್ಕಿಯ ಆಚೆಯ ಅಕ್ಷರಗಳನ್ನೂ) ಸೇರಿಸಿ ಹೆಸರಿಡುತ್ತವೆ, ಅಡೋಬಿಯ ಲೈಟ್‌ರೂಮ್ ಬಾಲ ಕತ್ತರಿಸಿ ಇಡುತ್ತದೆ. ಹಾಗಾಗಿ ಒಂದರ ಮರಿಯನ್ನು ಇನ್ನೊಂದು ಗುರುತಿಸದೆ ಹೋಗಬಹುದು. ಹೊಂದಿಸುವ ಆಯ್ಕೆ ಡಿಜಿಕ್ಯಾಮಿನ ಅದೇ ಪುಟದಲ್ಲಿದೆ. ಇನ್ನೊಂದು ಮಾತು: ಫೋಟೋಗಳು ಹೊರಗಿನ ಡಿಸ್ಕಿನಲ್ಲಿರಲಿ ಪರವಾಗಿಲ್ಲ, ಡೇಟಾಬೇಸ್ ಮಾತ್ರ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲೇ ಇರಲಿ. ಗುಡುಗಿಗೆ ಕರೆಂಟು ಹೋದಾಗ ಅರ್ಧ ಬರೆದ ಡೇಟಾಬೇಸ್ ಹಾಳಾಗುವ ಸಂಭವ ಇದ್ದೇ ಇದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಈ ಕೆಲಸ ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲೇ ಆಗಬೇಕು.

ಲೈಟ್‌ರೂಮ್ ಕ್ಲಾಸಿಕ್ ನಯವಾದ ಆಸಾಮಿ. ರಾ ತೊಳೆಯುವುದರಲ್ಲಿ ಅದರ ಕೈ ಚೆನ್ನಾಗಿದೆ, ಅದಕ್ಕೇ ಸ್ಟುಡಿಯೋದವರು ಬಿಡುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಕಟ್ಟುವುದು ನಿಲ್ಲಿಸಿದರೂ ಕ್ಯಾಟಲಾಗ್ ತೆರೆದು ಹುಡುಕಲು ಬರುತ್ತದೆ, ತಿದ್ದುವ ಕೋಣೆಗೆ ಬೀಗ ಬೀಳುತ್ತದೆ. ಹೊಸಬರು ಎಡವುವ ಕಡೆ ಎರಡು. ಬರೆದದ್ದನ್ನು ಎಕ್ಸ್‌ಎಂಪಿಗೂ ತಾನಾಗಿ ಬರೆ ಎಂಬ ಆಯ್ಕೆ ಮೊದಲಿಗೆ ಮುಚ್ಚಿರುತ್ತದೆ, ಹುಡುಕಿ ತೆರೆಯಬೇಕು. ಎರಡನೆಯದು, ವಿಂಡೋಸಿನಲ್ಲಿ ಕೈಹಾಕಿ ಫೋಲ್ಡರನ್ನು ಅತ್ತಿತ್ತ ಸರಿಸಿದರೆ ಲೈಟ್‌ರೂಮಿನೊಳಗೆ ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಫೋಟೋ ಕಳೆದಿಲ್ಲ, ವಿಳಾಸ ಬದಲಾಗಿದೆ ಅಷ್ಟೆ. ರೈಟ್ ಕ್ಲಿಕ್ ಮಾಡಿ ಹೊಸ ಜಾಗ ತೋರಿಸಿದರೆ ಸರಿಹೋಗುತ್ತದೆ. ಗಾಬರಿಯಲ್ಲಿ ಮತ್ತೊಮ್ಮೆ ಇಂಪೋರ್ಟ್ ಒತ್ತಿದವರಿಗೆ ಪ್ರತಿ ಚಿತ್ರಕ್ಕೂ ಎರಡೆರಡು ನಮೂದು ಸಿಗಬಹುದು, ಒಂದು ಕುರುಡು, ಒಂದು ಕಣ್ಣಿದ್ದದ್ದು.

ಇನ್ನು ಗೂಗಲ್ ಫೋಟೋಸ್. ‘ಯಾಣ’ ಎಂದು ಬರೆಯುವಷ್ಟರಲ್ಲಿ ಬಂಡೆ ತಂದು ನಿಲ್ಲಿಸುವ ಜಾಣತನಕ್ಕೆ ಕೈಮುಗಿಯಬೇಕು. 2015ರಲ್ಲಿ ಶುರುವಾದಾಗ 16 ಮೆಗಾಪಿಕ್ಸೆಲ್‌ವರೆಗಿನ ಚಿತ್ರಗಳಿಗೆ ಮಿತಿಯೇ ಇರಲಿಲ್ಲ. 2021ರ ಜೂನ್ 1ರಿಂದ ಹೊಸದಾಗಿ ಏರಿಸಿದ್ದೆಲ್ಲ 15 ಜಿಬಿಯ ಲೆಕ್ಕಕ್ಕೆ ಬಂತು. ನಮ್ಮ 200 ಜಿಬಿಯನ್ನು ಘಟ್ಟದ ಮೂಲೆಯ ಹಳ್ಳಿಯಿಂದ ಮೇಲೇರಿಸುವುದಾದರೆ, ಸೆಕೆಂಡಿಗೆ 2 ಮೆಗಾಬಿಟ್ ನಿಲ್ಲದೆ ಸಿಕ್ಕರೂ ಒಂಬತ್ತು ದಿನಕ್ಕೆ ಮಿಕ್ಕಿ ಬೇಕು. ಜುಲೈನಲ್ಲಿ ‘ನಿಲ್ಲದೆ’ ಎಂಬುದು ಮಳೆಗೆ ಮಾತ್ರ ಸಲ್ಲುವ ಮಾತು. ವಾಪಸು ತರುವಾಗ ಇನ್ನೊಂದು ತಕರಾರು: ಅಲ್ಲಿ ತಿದ್ದಿದ ದಿನಾಂಕ, ಬರೆದ ವಿವರಣೆ ಇವೆಲ್ಲ ಚಿತ್ರದ ಒಳಗೆ ಬಾರದೆ ಜೇಸನ್ ಎಂಬ ಬೇರೆ ಫೈಲುಗಳಲ್ಲಿ ಇಳಿಯುತ್ತವೆ. ಅವನ್ನು ಮತ್ತೆ ಚಿತ್ರಕ್ಕೆ ಹೊಲಿಯುವುದು ಪ್ರತ್ಯೇಕ ಮಳೆಗಾಲದ ಕೆಲಸ. ಮೋಡದ ಮೇಲೆ, ಅಂದರೆ ಇಂಟರ್ನೆಟ್ಟಿನಾಚೆಯ ಇಂಥ ಜಾಗದಲ್ಲಿ, ಒಂದು ಪ್ರತಿ ಇರಲಿ, ಯಜಮಾನಿಕೆ ಬೇಡ. ಮನೆಯಲ್ಲೇ ಸರ್ವರ್ ಇಟ್ಟು ಓಡಿಸುವ ಇಮಿಚ್ ಚೆನ್ನಾಗಿದೆ, ಆದರೆ ಅದಕ್ಕೆ ಹಗಲೂ ರಾತ್ರಿ ಎದ್ದಿರುವ ಕಂಪ್ಯೂಟರೂ ಅದರ ಚಾಕರಿಗೆ ಒಬ್ಬ ಮನುಷ್ಯನೂ ಬೇಕು.

ಯಾವುದನ್ನೇ ಹಿಡಿಯಿರಿ, ನಲವತ್ತು ಸಾವಿರವನ್ನೂ ಸುರಿಯುವ ಮೊದಲು ಇನ್ನೂರು ಫೋಟೋದಲ್ಲಿ ಪರೀಕ್ಷೆ ಮಾಡಿ. ಕನ್ನಡದಲ್ಲಿ ಟ್ಯಾಗ್ ಹಾಕಿ, ನಕ್ಷತ್ರ ಕೊಡಿ, ನಾಲ್ಕು ಮುಖಕ್ಕೆ ಹೆಸರಿಡಿ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಎಕ್ಸ್ಎನ್‌ವ್ಯೂ ಎಂಪಿ ಸಾಕು, ಮನೆ ಬಳಕೆಗೆ ಪುಕ್ಕಟೆ. ಅಲ್ಲಿ ಟ್ಯಾಗ್ ಕಂಡರೆ ಹಿತ್ತಿಲ ಬಾಗಿಲು ತೆರೆದಿದೆ.

‘ಕನ್ನಡದಲ್ಲಿ’ ಎಂದದ್ದು ಸುಮ್ಮನಲ್ಲ. ಹಳೇ ‘ನುಡಿ’, ‘ಬರಹ’ ತಂತ್ರಾಂಶಗಳ, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಹೆಸರು ಕೊಟ್ಟಿದ್ದರೆ ಫಾಂಟ್ ಇಲ್ಲದ ಕಡೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹುಡುಕಿದರೂ ಸಿಗದು. ಯುನಿಕೋಡ್‌ನಲ್ಲೂ ಒಂದು ಹೊಂಡ ಇದೆ. ಐಪಿಟಿಸಿ ಎಂಬ ಹಳೇ ಪದ್ಧತಿಯ ಕೀವರ್ಡ್ ಡಬ್ಬಿಗೆ ಹಿಡಿಯುವುದು 64 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಗುಣಿತಕ್ಕೆ ಮೂರು, ಒತ್ತು ಕೂಡಿಸುವ ಹಲಂತಕ್ಕೂ ಮೂರು. ‘ಶ್ರೀ ಮಾರಿಕಾಂಬಾ ದೇವಿ ಜಾತ್ರಾ ಮಹೋತ್ಸವ’ ಎಂದು ಭಕ್ತಿಯಿಂದ ಬರೆದರೆ 94 ಬೈಟ್ ಆಗುತ್ತದೆ. ಡಬ್ಬಿಯಲ್ಲಿ ಅದು ‘ಶ್ರೀ ಮಾರಿಕಾಂಬಾ ದೇವಿ ಜಾತ’ಕ್ಕೆ ನಿಲ್ಲುತ್ತದೆ. ಎಕ್ಸ್‌ಎಂಪಿಗೆ ಈ ಮಿತಿ ಇಲ್ಲ. ಆದರೂ ಟ್ಯಾಗ್ ಗಿಡ್ಡ ಇದ್ದರೇ ಚಂದ: ಜಾತ್ರೆ, ಶಿರಸಿ. ಶಿರಸಿಯೋ ಸಿರಸಿಯೋ ಸಿರ್ಸಿಯೋ ಎಂಬ ಜಗಳವನ್ನು ಮೊದಲ ದಿನವೇ ಮನೆಯಲ್ಲಿ ಕೂತು ತೀರ್ಮಾನಿಸಿ. ಇಲ್ಲವಾದರೆ ಒಂದೇ ಊರು ಮೂರು ಟ್ಯಾಗಿನಲ್ಲಿ ಪಾಲಾಗುತ್ತದೆ.

ಫೋಲ್ಡರಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಹಳೇ ಟಿವಿ, ಹಳೇ ಜಿಪ್ ತಂತ್ರಾಂಶಗಳು ಕನ್ನಡ ಕಂಡರೆ ಚೌಕ ಚೌಕ ಬಿಡಿಸುತ್ತವೆ. ದಿನಾಂಕ ವರ್ಷದಿಂದ ಶುರುವಾಗಲಿ, 2024-03-19 ಎಂಬಂತೆ. ನಮ್ಮ ರೂಢಿಯಂತೆ ತಾರೀಖು ಮೊದಲಿಟ್ಟರೆ ಎಲ್ಲ ವರ್ಷಗಳ ಒಂದನೇ ತಾರೀಖುಗಳು ಒಂದೇ ಕಡೆ ಗುಂಪು ಸೇರುತ್ತವೆ.

ಅಷ್ಟಕ್ಕೂ ಆ ದಿನಾಂಕ ನಿಜವೇ? ಕ್ಯಾಮೆರಾದೊಳಗಿನ ಪುಟ್ಟ ಬ್ಯಾಟರಿ ಸತ್ತರೆ ಗಡಿಯಾರ ಯಾವುದೋ ಹಳೇ ಜನವರಿ 1ಕ್ಕೆ ಹಾರುತ್ತದೆ. ಇದನ್ನು ಹಿಡಿಯಲು ನಮ್ಮ ಜಿಲ್ಲೆಯವರಿಗೆ ಒಳ್ಳೆಯ ಸಾಕ್ಷಿಗಳಿವೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2018, 2020, 2022, 2024 ಹೀಗೆ. ಜಾತ್ರೆ ಇಲ್ಲದ ವರ್ಷದ ಹೋಳಿಗೆ ಬೇಡರ ವೇಷ. ಜಾತ್ರೆಯ ತೇರಿನ ಫೋಟೋ 2019 ಎಂದರೆ ಸುಳ್ಳು ಹೇಳುತ್ತಿರುವುದು ಕ್ಯಾಮೆರಾ. ಕಾರವಾರದ ಕಡೆಯವರಿಗೆ ಕಾಳಿ ಹಳೇ ಸೇತುವೆ ಇದೆ, ಅಂದರೆ ಇತ್ತು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದ ಆ ಸೇತುವೆ ನೆಟ್ಟಗೆ ನಿಂತ ಚಿತ್ರಕ್ಕೆ 2025ರ ತಾರೀಖು ಇರಲು ಸಾಧ್ಯವಿಲ್ಲ. ತಪ್ಪು ಎಷ್ಟೆಂದು ಒಂದು ಚಿತ್ರದಲ್ಲಿ ಗೊತ್ತಾದರೆ ಸಾಕು, ಆ ಕ್ಯಾಮೆರಾದ ಆ ಸರಣಿಯನ್ನೆಲ್ಲ ಅಷ್ಟೇ ಅಂತರಕ್ಕೆ ಒಟ್ಟಿಗೆ ಸರಿಸಬಹುದು. ಡಿಜಿಕ್ಯಾಮಿನಲ್ಲಿ ‘ಟೈಮ್ ಅಡ್ಜಸ್ಟ್’ ಎಂಬ ಉಪಕರಣವಿದೆ. ಆದೇಶ ಬರೆಯಲು ಅಂಜದವರಿಗೆ ಎಕ್ಸಿಫ್‌ಟೂಲ್ ಇದೆ. ಮದುವೆಗೆ ಎರಡು ಕ್ಯಾಮೆರಾ ಒಯ್ಯುವವರು ಎರಡರಲ್ಲೂ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆದುಕೊಂಡಿರಬೇಕು. ಇಲ್ಲದಿದ್ದರೆ ಧಾರೆ ಎರೆಯುವ ಮೊದಲೇ ಊಟದ ಪಂಕ್ತಿ ಏಳುತ್ತದೆ.

ಮುಖ ಹುಡುಕುವ ವಿದ್ಯೆಯಷ್ಟು ಮಜಾ ಕೊಡುವುದು ಬೇರೆ ಇಲ್ಲ. ಡಿಜಿಕ್ಯಾಮ್ ಮೊದಲ ಸಲ ಅದಕ್ಕೆಂದೇ ದೊಡ್ಡ ಫೈಲುಗಳನ್ನು ಇಳಿಸಿಕೊಂಡು, ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲದೆ ಮನೆಯಲ್ಲೇ ಕೆಲಸ ಮಾಡುತ್ತದೆ. ಒಬ್ಬೊಬ್ಬರದೂ ಬೇರೆ ಬೇರೆ ಬೆಳಕಿನ, ಬೇರೆ ಬೇರೆ ವಯಸ್ಸಿನ ಹತ್ತು ಹನ್ನೆರಡು ಮುಖ ನಾವೇ ಹೇಳಿಕೊಟ್ಟರೆ ಚೆನ್ನಾಗಿ ಕಲಿಯುತ್ತದೆ. ಹಾಗೆಂದು ಒಪ್ಪಿಗೆಯ ಗುಂಡಿಯನ್ನು ಕಣ್ಣುಮುಚ್ಚಿ ಒತ್ತುವಂತಿಲ್ಲ. ಫ್ಲೆಕ್ಸಿನಲ್ಲಿರುವ ರಾಜಕಾರಣಿಗಳು, ಕ್ಯಾಲೆಂಡರಿನ ಲಕ್ಷ್ಮಿ, ಗೋಡೆಯ ಫ್ರೇಮಿನಲ್ಲಿರುವ ಅಜ್ಜ, ಎಲ್ಲರೂ ನೆಂಟರ ಸಾಲಿಗೆ ಬಂದು ನಿಂತಿರುತ್ತಾರೆ. ಅಕ್ಕತಂಗಿಯರು ಅದಲುಬದಲಾಗುತ್ತಾರೆ. ಯಕ್ಷಗಾನದ ಬಣ್ಣದ ವೇಷವನ್ನು ಹೆಚ್ಚಾಗಿ ಅದು ಮುಖವೆಂದೇ ಒಪ್ಪುವುದಿಲ್ಲ, ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ತೆಗೆದದ್ದನ್ನು ಒಪ್ಪುತ್ತದೆ.

ಒಂದೇ ತೆರನ ಫೋಟೋಗಳನ್ನು ಹುಡುಕುವಾಗ ಡಿಜಿಕ್ಯಾಮ್ ಹೋಲಿಕೆಯ ಪ್ರಮಾಣ ಎಷ್ಟು ಶೇಕಡಾ ಎಂದು ಕೇಳುತ್ತದೆ. 100ಕ್ಕೆ ಹತ್ತಿರ ಇಡಿ. ಕೆಳಗಿಳಿಸಿದರೆ ಕಾರವಾರದ ಕಡಲತೀರದ ಇಪ್ಪತ್ತು ವರ್ಷಗಳ ಸೂರ್ಯಾಸ್ತವೆಲ್ಲ ಒಂದೇ ಎಂದು ಅದು ತೀರ್ಪು ಕೊಡುತ್ತದೆ. ತೀರ್ಪು ತೀರಾ ತಪ್ಪೆಂದೂ ಹೇಳಲಾಗದು. ಆದರೂ ಅಳಿಸುವ ಕೆಲಸ ಎರಡನೇ ಪ್ರತಿ ಮಾಡಿಟ್ಟ ಮೇಲೆಯೇ. ಎರಡು ಹಾರ್ಡ್ ಡಿಸ್ಕ್ ಇರಲಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ನೀಲಿ ಕಾಳು ಗುಲಾಬಿಗೆ ತಿರುಗಿದಾಗ ಬದಲಿಸಬೇಕು. ಅಟ್ಟದ ಮೇಲಿನ ಹೊಗೆ ಅಡಿಕೆಗೆ ಒಳ್ಳೆಯದು, ಡಿಸ್ಕಿಗಲ್ಲ.

ಇಷ್ಟೆಲ್ಲ ಜೋಡಿಸಿಟ್ಟಿದ್ದು ಗೊತ್ತಾದ ಕೂಡಲೇ ಫೋನ್ ಬರುತ್ತದೆ: ‘ಆ ಉಪನಯನದ ಫೋಟೋ ಇದ್ರೆ ವಾಟ್ಸಾಪ್ ಮಾಡು ಮಾರಾಯ.’ ಫೋಟೋ ಎಂದೇ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ, ದಿನಾಂಕ, ಹೆಸರು, ಊರು ಎಲ್ಲ ಉಜ್ಜಿಹಾಕಿ, ಕಳಿಸಿದ ದಿನದ ತಾರೀಖಿನ ಹೊಸ ಫೈಲ್ ಹೆಸರು ಕೊಟ್ಟು ದಾಟಿಸುತ್ತದೆ. ಪಿನ್ನಿನ ಗುರುತು ಒತ್ತಿ ಡಾಕ್ಯುಮೆಂಟ್ ಎಂದು ಕಳಿಸಿದರೆ ಬರೆದದ್ದೆಲ್ಲ ಹಾಗೆಯೇ ಹೋಗುತ್ತದೆ. ಹೋದ ಮೇಲೆ ಇನ್ನೊಂದು ಫೋನ್: ‘ಬಂತು, ಆದ್ರೆ ಗ್ಯಾಲರಿಯಲ್ಲಿ ಕಾಣ್ತಾ ಇಲ್ಲ. ಫೋಟೋ ಮಾಡಿಯೇ ಕಳ್ಸು.’