ಹಿಸ್ಸೆಯಾದ ಕ್ಲಾಸು

ಅಂತೂ ನಮ್ಮ ಟೀಮಿನಲ್ಲೂ ಕ್ಲೀನ್ ಕೋಡ್ ಕ್ರಾಂತಿ ಆಯಿತು. ಒಂದು ಫೈಲಿನಲ್ಲಿ 500 ಸಾಲಿಗಿಂತ ಜಾಸ್ತಿ ಇರಬಾರದು ಅಂತ ಮೇಲಿನವರು ರೂಲ್ ಹೊರಡಿಸಿದರು. ನಮ್ಮದು ಸಿ ಶಾರ್ಪ್ ಭಾಷೆಯ ಕೋಡು. ಅದರಲ್ಲಿ 6000 ಸಾಲಿನ ಆರ್ಡರ್ ಮ್ಯಾನೇಜರ್ ಕ್ಲಾಸು (ಡೇಟಾ, ಅದರ ಮೇಲಿನ ಕೆಲಸ ಎರಡನ್ನೂ ಒಟ್ಟಿಗೆ ಕಟ್ಟಿದ ಕೋಡಿನ ಗಂಟು) ರಾತ್ರೋರಾತ್ರಿ 13 ಫೈಲಾಯಿತು. 12 ಸಾಕಿತ್ತು. ಆದರೆ ಪ್ರತಿ ಫೈಲಿನ ನೆತ್ತಿಯಲ್ಲೂ ಬೇರೆ ಕಡೆಯ ಕೋಡನ್ನು ಕರೆಸಿಕೊಳ್ಳುವ ಅದೇ ಯೂಸಿಂಗ್ ಸಾಲುಗಳು ಮತ್ತೆ ಬರಬೇಕಲ್ಲ. ಎಲ್ಲದರ ಮೇಲೂ ‘ಪಾರ್ಷಿಯಲ್’ ಅನ್ನೋ ಒಂದು ಪದ, ಅಂದರೆ ಇದು ಕ್ಲಾಸಿನ ಒಂದು ತುಂಡು ಮಾತ್ರ ಅಂತ. ರೂಲ್ ಪಾಲನೆ ತೋರಿಸುವ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು.

ಫೈಲುಗಳ ಹೆಸರು ನೋಡಬೇಕು ನೀವು. ಹೆಲ್ಪರ್ಸ್, ಹೆಲ್ಪರ್ಸ್ ಟೂ, ಮಿಸ್ಕ್, ನ್ಯೂ. ಎಲ್ಲಕ್ಕಿಂತ ಹಳೇ ಕೋಡು ಇರುವುದು ನ್ಯೂನಲ್ಲಿ.

ಪಾರ್ಷಿಯಲ್ ಪಾಪದ್ದು ಬಿಡಿ. 2005ರಲ್ಲಿ ಸಿ ಶಾರ್ಪ್ 2.0 ಜೊತೆ ಬಂತು. ಅದಕ್ಕೂ ಮೊದಲು ಫಾರ್ಮ್ ಮೇಲೆ ಒಂದು ಬಟನ್ ಎಳೆದು ಹಾಕಿದರೆ, ನಾವು ಕೋಡು ಬರೆಯುವ ಸಾಫ್ಟ್‌ವೇರ್ ವಿಷುಯಲ್ ಸ್ಟುಡಿಯೋ ತಾನು ಬರೆದದ್ದನ್ನು ನಿಮ್ಮ ಕೋಡಿನ ನಡುವೆಯೇ ತುರುಕಿ, ಒಂದು ರೀಜನ್ (ಹೆಸರು ಕೊಟ್ಟು ಮಡಚಿಡಬಹುದಾದ ಕೋಡಿನ ಭಾಗ) ಒಳಗೆ ಮಡಚಿಡುತ್ತಿತ್ತು. ಆಮೇಲೆ ಅದಕ್ಕೇ ಅಂತ ಡಿಸೈನರ್ ಫೈಲು ಬೇರೆಯಾಯಿತು. ಮಷಿನ್ನಿನದ್ದು ಮಷಿನ್ನಿಗೆ, ನಮ್ಮದು ನಮಗೆ. ತಾವೇ ಕೋಡು ಬರೆದುಕೊಡುವ ಈಗಿನ ಸೋರ್ಸ್ ಜನರೇಟರ್‌ಗಳೂ ಪಾರ್ಷಿಯಲ್ಲನ್ನೇ ನೆಚ್ಚಿಕೊಂಡಿವೆ. ಒಳ್ಳೇ ಏರ್ಪಾಡು.

ರೀಜನ್ ಅಂದೆನಲ್ಲ, ಅದರ ಭಕ್ತರು ಇನ್ನೂ ಇದ್ದಾರೆ. ಫೈಲ್ ತೆರೆದರೆ ನಾಲ್ಕೇ ಸಾಲು, ಮನಸ್ಸಿಗೆ ಎಷ್ಟು ನೆಮ್ಮದಿ! ಪಕ್ಕದ ಪ್ಲಸ್ ಒತ್ತಿದರೆ ಸಾವಿರ ಸಾಲು ಧೊಪ್ಪನೆ ಬೀಳುತ್ತೆ. ರೀಜನ್ ಒಳಗೆ ಇನ್ನೊಂದು ರೀಜನ್, ಅದರೊಳಗೆ ‘ಅದರ್ಸ್’. ಇರುವುದೊಂದೇ ಕನ್‌ಸ್ಟ್ರಕ್ಟರ್ (ಕ್ಲಾಸಿನ ವಸ್ತು ಹುಟ್ಟುವಾಗ ಓಡುವ ಕೋಡು), ಅದಕ್ಕೂ ‘ಕನ್‌ಸ್ಟ್ರಕ್ಟರ್ಸ್’ ಅಂತ ಬೋರ್ಡು. ಇರಲಿ, ಮಡಚಿದ್ದು ಕನಿಷ್ಠ ಒಂದೇ ಫೈಲಿನಲ್ಲಿ ಸಿಗುತ್ತಿತ್ತು.

ನಮ್ಮದು ಹಿಸ್ಸೆ. ಅದೂ ಎಂಥ ಹಿಸ್ಸೆ? ಮನೆ ಪಾಲಾದ ಮೇಲೂ ಎಲ್ಲರ ಬೀರುವಿನ ಕೀಲಿ ಎಲ್ಲರ ಹತ್ರ! ಕೋಡನ್ನು ಮಷಿನ್ನಿಗೆ ಅರ್ಥವಾಗುವಂತೆ ಮಾಡುವ ಕಂಪೈಲರ್ 13 ಫೈಲನ್ನೂ ಸೇರಿಸಿ ಒಂದೇ ಕ್ಲಾಸು ಅನ್ನುತ್ತೆ. ಮಿಸ್ಕ್‌ನಲ್ಲಿರುವ ಪ್ರೈವೇಟ್ ಫೀಲ್ಡಿಗೆ (ಕ್ಲಾಸಿನ ಹೊರಗಿನವರು ಮುಟ್ಟಬಾರದ ಡೇಟಾಗೆ) ನ್ಯೂ ಬಂದು ಕೈ ಹಾಕಬಹುದು. ಒಂದು ಫೈಲಿನಲ್ಲಿ ಸೀಲ್ಡ್ (ಇದರಿಂದ ಇನ್ನೊಂದು ಕ್ಲಾಸು ಹುಟ್ಟಬಾರದು) ಅಂತ ಬರೆದರೆ ಎಲ್ಲಕ್ಕೂ ಬೀಗ.

ಮೊನ್ನೆ ಯಾರೋ ಒಂದು ಫೈಲಿನ ಹೆಸರು ಬದಲಿಸಿದರು. ಅಷ್ಟೇ ಮಾಡಿದ್ದು. ಪ್ರೋಗ್ರಾಂ ಸ್ಟಾರ್ಟ್ ಆಗುವಾಗಲೇ ಎಕ್ಸೆಪ್ಷನ್, ಅಂದರೆ ದೋಷ. ಹೆಲ್ಪರ್ಸ್‌ನ ಸ್ಟ್ಯಾಟಿಕ್ ಫೀಲ್ಡು (ಇಡೀ ಕ್ಲಾಸಿಗೆ ಒಂದೇ ಇರುವ ಡೇಟಾ), ಮಿಸ್ಕ್‌ನ ಇನ್ನೊಂದು ಸ್ಟ್ಯಾಟಿಕ್ ಫೀಲ್ಡನ್ನು ನಂಬಿಕೊಂಡಿತ್ತು. ಒಂದೇ ಫೈಲಿನಲ್ಲಿದ್ದರೆ ಮೇಲಿನಿಂದ ಕೆಳಗೆ ಬರೆದ ಕ್ರಮದಲ್ಲೇ ತಯಾರಾಗುತ್ತವೆ. ಬೇರೆ ಬೇರೆ ಫೈಲಿನಲ್ಲಿದ್ದರೆ ಯಾವುದು ಮೊದಲು ಅಂತ ಭಾಷೆ ಯಾವ ಗ್ಯಾರಂಟಿಯನ್ನೂ ಕೊಡುವುದಿಲ್ಲ. ಹೆಸರು ಬದಲಾಗಿದ್ದಕ್ಕೆ ಸರದಿಯೂ ಬದಲಾಗಿತ್ತು. ಇದನ್ನು ಹುಡುಕುತ್ತಾ ರಾತ್ರಿಯಿಡೀ ಕೂತಿದ್ದು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ. ರೂಲ್ ಮಾಡಿದವರಲ್ಲ, ಫೈಲ್ ಹರಿದವರೂ ಅಲ್ಲ. ಬೆಳಿಗ್ಗೆ ಆ ಮಗುವಿಗೆ ಕೇಳಿದ ಪ್ರಶ್ನೆ: ಇಷ್ಟು ಚಿಕ್ಕ ಫೈಲಿನಲ್ಲಿ ಒಂದು ಬಗ್ ಸಿಗಲ್ವಾ?

ಸಾಕಾಗಿದೆ ಕಣ್ರೀ. ದರ ಲೆಕ್ಕ ಹಾಕುವುದು, ಮೇಲ್ ಕಳಿಸುವುದು, ಸ್ಟಾಕ್ ನೋಡುವುದು ಮೂರೂ ಬೇರೆ ಬೇರೆ ಕೆಲಸ, ಮೂರು ಬೇರೆ ಕ್ಲಾಸ್ ಮಾಡಿ ಅಂದರೆ ಟೈಮ್ ಇಲ್ಲ. ಅದೇ ಗೋಜಲನ್ನು ಕತ್ತರಿಸಿ ಹರಡೋಕೆ ಮಾತ್ರ ಒಂದು ಇಡೀ ಸ್ಪ್ರಿಂಟ್ (ಟೀಮಿನ ಕೆಲಸದ ಒಂದು ಸುತ್ತು) ಇರುತ್ತೆ.

ಈಗ ಒಂದು ಫೋಲ್ಡರಿನಲ್ಲಿ 10 ಫೈಲಿಗಿಂತ ಜಾಸ್ತಿ ಇರಬಾರದು ಅಂತ ಇನ್ನೊಂದು ರೂಲ್ ಬರುತ್ತಿದೆ. ತೊಂದರೆ ಇಲ್ಲ. ನೇಮ್‌ಸ್ಪೇಸ್ (ಕ್ಲಾಸು ಸೇರಿರುವ ಗುಂಪಿನ ಹೆಸರು) ಒಂದೇ ಇದ್ದರೆ ಸಾಕು, ಫೈಲು ಯಾವ ಫೋಲ್ಡರಿನಲ್ಲಿದ್ದರೂ ಕಂಪೈಲರ್ ತಕರಾರು ಮಾಡಲ್ಲ. ಸಬ್‌ಫೋಲ್ಡರ್ ಮಾಡಲು ಆಗಲೇ ಟಿಕೆಟ್ ತೆರೆದಿದ್ದಾರೆ.