ಮೈಕ್ರೋಅರೇ ಮೇಲೆ ಗೂಬೆ ಕೂರಿಸಬೇಡಿ

ಡಿಎನ್‌ಎ ಮೈಕ್ರೋಅರೇ ಎಂದರೆ ಈಗ ಸಂಶೋಧಕರಲ್ಲೇ ಹಲವರು ಮೂಗು ಮುರಿಯುತ್ತಾರೆ. ಅದರ ಕಾಲ ಮುಗಿಯಿತು, ಈಗೇನಿದ್ದರೂ ಸೀಕ್ವೆನ್ಸಿಂಗ್ (ಅಂದರೆ ಆರ್‌ಎನ್‌ಎ, ಡಿಎನ್‌ಎಗಳ ಅಕ್ಷರಗಳನ್ನೇ ನೇರವಾಗಿ ಓದುವುದು), ಆ ಹಳೆಯ ಫಲಿತಾಂಶಗಳನ್ನು ನಂಬುವ ಹಾಗಿಲ್ಲ ಎಂಬ ಧಾಟಿ. ಜೀನ್‌ಗಳ ಚಟುವಟಿಕೆ ಅಳೆಯಲು ಸೀಕ್ವೆನ್ಸಿಂಗ್ ಮೇಲು, ಒಪ್ಪಿದೆ. ಆದರೆ ‘ನಂಬುವ ಹಾಗಿಲ್ಲ’ ಎಂಬುದಕ್ಕೆ ನನ್ನ ತಕರಾರಿದೆ.

ಮೈಕ್ರೋಅರೇ ಎಂದರೆ ಇಷ್ಟೇ: ಗಾಜಿನ ಪಟ್ಟಿಯ ಮೇಲೆ ಸಾವಿರಾರು ಚುಕ್ಕಿಗಳು, ಒಂದೊಂದರಲ್ಲೂ ಒಂದೊಂದು ಜೀನ್‌ನ ತುಣುಕು. ಜೀವಕೋಶದ ಆರ್‌ಎನ್‌ಎಯಿಂದ ತಯಾರಿಸಿ ಬಣ್ಣ ಕೂಡಿಸಿದ ಪ್ರತಿಗಳನ್ನು ರಾತ್ರಿಯಿಡೀ ಅದರ ಮೇಲೆ ಬಿಟ್ಟರೆ, ತಮ್ಮ ಜೋಡಿ ಸಿಕ್ಕಲ್ಲಿ ಅಂಟಿಕೊಳ್ಳುತ್ತವೆ. ತೊಳೆದು ಲೇಸರ್‌ನಲ್ಲಿ ಓದಿದರೆ, ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದು ಹೊಳಪಿನಲ್ಲೇ ಕಾಣುತ್ತದೆ. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ 45 ಜೀನ್‌ಗಳಿಂದ ಶುರು ಮಾಡಿತು. ಎರಡೇ ವರ್ಷದಲ್ಲಿ ಯೀಸ್ಟ್‌ನ ಬಹುತೇಕ ಎಲ್ಲ ಜೀನ್‌ಗಳೂ ಒಂದೇ ಪಟ್ಟಿಗೆ ಬಂದವು. ಸೂಕ್ಷ್ಮದರ್ಶಕಕ್ಕೆ ಒಂದೇ ರೋಗದಂತೆ ಕಾಣುತ್ತಿದ್ದ ಒಂದು ಬಗೆಯ ಲಿಂಫೋಮಾದಲ್ಲಿ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಎರಡು ಗುಂಪುಗಳಿವೆ, ಒಂದರ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು 2000ದಲ್ಲಿ ತೋರಿಸಿಕೊಟ್ಟದ್ದೂ ಇದೇ. ಬೆಳವಣಿಗೆ ಹಿಂದುಳಿದ ಮಕ್ಕಳ ವರ್ಣತಂತುಗಳಲ್ಲಿ ಚೂರು ತಪ್ಪಿಹೋಗಿದೆಯೇ, ಹೆಚ್ಚುವರಿಯಾಗಿ ಸೇರಿದೆಯೇ ಎಂದು ನೋಡಲು ವೈದ್ಯರು ಇಂದಿಗೂ ಅರೇ ಪರೀಕ್ಷೆ ಬರೆಯುತ್ತಾರೆ.

ಹಾಗಾದರೆ ಹೆಸರು ಕೆಟ್ಟದ್ದೆಲ್ಲಿ? ಕೆಂಪು ಬಣ್ಣಕ್ಕೆ ಬಳಸುವ ಸೈ5 ಎಂಬ ರಾಸಾಯನಿಕ ಗಾಳಿಯಲ್ಲಿನ ಓಝೋನ್ ತಾಕಿದರೆ ಮಾಸುತ್ತದೆ, ಹಸಿರು ಸೈ3 ಅಷ್ಟಾಗಿ ಜಗ್ಗುವುದಿಲ್ಲ. ಓಝೋನ್ ಹೆಚ್ಚಿರುವ ಬೇಸಿಗೆಯ ಮಧ್ಯಾಹ್ನ ಪಟ್ಟಿ ತೊಳೆದು ಒಣಗಿಸಿದವರಿಗೂ ಚಳಿಗಾಲದಲ್ಲಿ ಅದೇ ಕೆಲಸ ಮಾಡಿದವರಿಗೂ ಬೇರೆ ಬೇರೆ ಅಂಕಿ ಸಿಗಬಹುದು. ರೋಗಿಗಳ ಮಾದರಿಗಳನ್ನೆಲ್ಲ ಒಂದು ದಿನ, ಆರೋಗ್ಯವಂತರದ್ದನ್ನೆಲ್ಲ ಇನ್ನೊಂದು ದಿನ ನಡೆಸಿದರೆ, ಹವೆಯ ವ್ಯತ್ಯಾಸವೇ ರೋಗದ ಲಕ್ಷಣವೆಂದು ಪ್ರಬಂಧದಲ್ಲಿ ಅಚ್ಚಾಗುತ್ತದೆ. ಇದರಲ್ಲಿ ಪಟ್ಟಿಯದೇನು ತಪ್ಪು? (ಸೆಪ್ಟ್2 ಎಂಬ ಜೀನ್ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಮಾಡಿಬಿಡುತ್ತಿತ್ತು. ಕೊನೆಗೆ ಸೋತ ವಿಜ್ಞಾನಿಗಳು ಜೀನ್‌ಗೇ ಮರುನಾಮಕರಣ ಮಾಡಿದರು!)

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣವಂತೂ ಹೊಟ್ಟೆ ಉರಿಸುತ್ತದೆ. ಯಾವ ಕ್ಯಾನ್ಸರ್ ಗೆಡ್ಡೆಗೆ ಯಾವ ಕಿಮೋ ಔಷಧ ನಾಟುತ್ತದೆ ಎಂದು ಅರೇ ಹೇಳುತ್ತದೆಂದು ಅಲ್ಲಿನ ತಂಡವೊಂದು ಸಾರಿತು. ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬಿಬ್ಬರು ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಮತ್ತೆ ಹಾಕಿ ನೋಡಿದರೆ, ಜೀನ್‌ಗಳ ಹೆಸರುಗಳು ಕೋಷ್ಟಕದಲ್ಲಿ ಒಂದು ಸಾಲು ಕೆಳಗೆ ಜಾರಿದ್ದವು. ಕೆಲವೆಡೆ ಔಷಧಕ್ಕೆ ಬಗ್ಗುವ, ಬಗ್ಗದ ಮಾದರಿಗಳ ಹಣೆಪಟ್ಟಿಗಳೇ ಅದಲುಬದಲಾಗಿದ್ದವು. 2009ರಲ್ಲಿ ಅವರು ಇದನ್ನು ಪ್ರಕಟಿಸುವ ಹೊತ್ತಿಗೆ ಆ ವಿಧಾನ ನಂಬಿ ರೋಗಿಗಳ ಮೇಲೆ ಪ್ರಯೋಗ ಶುರುವಾಗಿತ್ತು. ಪ್ರಬಂಧಗಳು ವಾಪಸಾದವು. 2015ರಲ್ಲಿ ಸರ್ಕಾರಿ ತನಿಖೆಯೂ ದತ್ತಾಂಶ ಸುಳ್ಳೆಂದಿತು.

ಆ ಇಬ್ಬರಿಗೆ ಇದು ಸಾಧ್ಯವಾದದ್ದು ಮೂಲ ಅಂಕಿಗಳು ಕೈಗೆ ಸಿಕ್ಕಿದ್ದರಿಂದ. ಅರೇ ದತ್ತಾಂಶವನ್ನು ಸಾರ್ವಜನಿಕ ಭಂಡಾರಕ್ಕೆ ಹಾಕುವ ರೂಢಿ 2000ದ ಆಸುಪಾಸಿನಲ್ಲೇ ಶುರುವಾಯಿತು. ಸೀಕ್ವೆನ್ಸಿಂಗ್‌ಗೆ ಹಾರಿದವರು ಈ ರೂಢಿಯನ್ನೂ ಜೊತೆಗೆ ಒಯ್ಯಲಿ, ಏಕೆಂದರೆ ದಿನ ಬದಲಾದರೆ ಅಂಕಿ ಬದಲಾಗುವ ಕಾಟ ಅಲ್ಲಿಯೂ ತಪ್ಪಿಲ್ಲ.

ಅಫಿಮೆಟ್ರಿಕ್ಸ್ ಎಂಬ ಕಂಪನಿಯ ಅರೇ ಚಿಪ್‌ನ ಮೂಲ ಕಡತದಲ್ಲಿ ಸ್ಕ್ಯಾನ್ ಮಾಡಿದ ದಿನಾಂಕ ದಾಖಲಾಗಿರುತ್ತದೆ. ಅರೇ ಪ್ರಬಂಧ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಅದನ್ನೇ. ರೋಗಿಗಳದ್ದೆಲ್ಲ ಒಂದು ವಾರ, ಉಳಿದವರದ್ದೆಲ್ಲ ಇನ್ನೊಂದು ವಾರ ಎಂದಿದ್ದರೆ ಮುಂದಕ್ಕೆ ಓದುವುದಿಲ್ಲ.